ಫ್ಯಾನಿಗೆ ಕೇಳಿದ ಡ್ರಾ

ನಮ್ಮ ಮಾವನವರು ಮಾತಿಗೆ ಜಿಪುಣರಲ್ಲ. ಭಾಲ್ಕಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು. ಹಾಲಿನವನು ಬಂದರೆ ಹಾಲಿನ ಜೊತೆ ದೇಶದ ಪರಿಸ್ಥಿತಿಯನ್ನೂ ಅಳೆದು ಕಳಿಸುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದವರ ಪಕ್ಕ ಕೂತು ಬಸ್ಸು ಬರುವಷ್ಟರಲ್ಲಿ ಅವರ ಮಗಳಿಗೆ ವರ ಹುಡುಕಿ ಮುಗಿಸಿರುತ್ತಾರೆ. ಇಂಥವರು ಈ ಭೂಮಿಯ ಮೇಲೆ ಒಬ್ಬರ ಜೊತೆ ಮಾತ್ರ ಮಾತಾಡುತ್ತಿರಲಿಲ್ಲ. ಅದು ನಾನು, ಅವರ ಸೊಸೆ.

ಜಗಳವೇನೂ ಇರಲಿಲ್ಲ. ಜಗಳ ಆಗಬೇಕೆಂದರೂ ಮೊದಲು ಮಾತಾಡಬೇಕಲ್ಲ. ಮಾವ ಸೊಸೆ ಎದುರುಬದುರು ಮಾತಾಡಬಾರದು, ಮಾವನ ಮುಂದೆ ಸೊಸೆ ಕುರ್ಚಿಯ ಮೇಲೆ ಕೂರಬಾರದು ಎನ್ನುವುದು ಆ ಮನೆಯ ಪದ್ಧತಿ. ನಮ್ಮ ಸುತ್ತಲಿನ ಎಷ್ಟೋ ಮನೆಗಳಲ್ಲಿ ಇದು ಹೋಗಿ ಎಷ್ಟೋ ಕಾಲವಾಯಿತು. ಪಕ್ಕದ ಮನೆಯ ಸೊಸೆ ಮಾವನ ಸ್ಕೂಟರ್ ಹಿಂದೆ ಕೂತು ಬ್ಯಾಂಕಿಗೆ ಹೋಗುತ್ತಾಳೆ. ನಮ್ಮಲ್ಲಿ ಮಾತ್ರ ಅದನ್ನು ಹಳೆಯ ಹಿತ್ತಾಳೆ ಹಂಡೆಯ ಹಾಗೆ ತಿಕ್ಕಿ ತಿಕ್ಕಿ ಇಟ್ಟುಕೊಂಡಿದ್ದರು.

ಮಾತು ಆಡಬಾರದು ಎಂದರೆ ಕೆಲಸ ಹೇಳಬಾರದು ಎಂದಲ್ಲ, ಅದನ್ನು ಯಾರೂ ತಪ್ಪು ತಿಳಿಯಬಾರದು. ಚಹಾ ಬೇಕಾದರೆ ಅವರು ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು. ನಾನು ಅಲ್ಲೇ ಎರಡು ಮೊಳ ದೂರದಲ್ಲಿ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡು, ಅತ್ತೆ ಹೇಳಿದ ಮೇಲೆ ಹೊಸದಾಗಿ ಕೇಳಿದವಳ ಹಾಗೆ ಏಳುತ್ತಿದ್ದೆ. ಅತ್ತೆ ಮನೆಯಲ್ಲಿ ಇಲ್ಲದಿದ್ದರೆ ಮಾವನವರು ಗೋಡೆಗೆ ಹೇಳುತ್ತಿದ್ದರು, ಕ್ಯಾಲೆಂಡರಿಗೆ ಹೇಳುತ್ತಿದ್ದರು. "ಕುಡಿಯೋ ನೀರು ಖಾಲಿ ಆಗ್ಯಾವ ಕಾಣ್ತದ" ಅಂತ ಹಂಡೆಗೇ ಹೇಳುತ್ತಿದ್ದರು. ಆ ಹಂಡೆಯ ಅದೃಷ್ಟಕ್ಕೆ ನಾನು ಹೊಟ್ಟೆಕಿಚ್ಚು ಪಟ್ಟದ್ದುಂಟು. ನಾನು ಪಿ.ಯು. ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಊರಿನ ಅರ್ಧ ಮಂದಿ ನನ್ನನ್ನು ಮೇಡಂ ಅಂತ ಕರೆಯುತ್ತಾರೆ. ಮನೆಗೆ ಬಂದರೆ ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಹಂಡೆ ಬಿಟ್ಟ ಮಾತು.

ಇದರ ಮೇಲೆ ಮಾವನವರು ಶರಣರ ವಿಚಾರದಲ್ಲಿ ಒಳ್ಳೆಯ ಭಾಷಣಕಾರರು. ಶರಣರ ಕಾಲದಲ್ಲಿ ಹೆಣ್ಣುಮಕ್ಕಳು ಗಂಡಸರ ಸರಿಸಮ ಕೂತು, ಎದುರು ಮಾತಾಡಿ, ವಾದ ಮಾಡಿ ಗೆದ್ದರು ಎನ್ನುವುದನ್ನು ಅವರು ಹೇಳುವಾಗ ಕೇಳಬೇಕು. ಅವರ ಕಣ್ಣಲ್ಲಿ ನೀರು ಬರುತ್ತದೆ. ಮುಂದಿನ ಸಾಲಿನಲ್ಲಿ ಜಮಖಾನೆಯ ಮೇಲೆ ಕೂತ ನನಗೂ ಬರುತ್ತಿತ್ತು, ಕಾರಣ ಬೇರೆ. ಭಾಷಣ ಮುಗಿಸಿ ಕೆಳಗಿಳಿದು ಬಂದು ಅತ್ತೆಗೆ ಹೇಳುವರು, "ಮನಿಗಿ ಹೋಗೂನು ಅಂತ ಹೇಳು ಆಕಿಗಿ." ಆಕೆ ಪಕ್ಕದಲ್ಲೇ ನಿಂತಿರುತ್ತಿದ್ದಳು.

ಇನ್ನು ಚೆಸ್ಸಿನ ವಿಷಯ. ಮಾವನವರು ಜಿಲ್ಲೆಯ ಚೆಸ್ ವಲಯದಲ್ಲಿ ದೊಡ್ಡ ಮನುಷ್ಯರು. ಬೀದರದ ಟೂರ್ನಮೆಂಟುಗಳಲ್ಲಿ ಅವರು ಬಾಗಿಲಲ್ಲಿ ಕಂಡರೆ ಸಂಘಟಕರು ಎದ್ದು ಕುರ್ಚಿ ಕೊಡುತ್ತಾರೆ. ಅವರ ರೇಟಿಂಗ್ ನನ್ನದಕ್ಕಿಂತ ಮುನ್ನೂರು ಹೆಚ್ಚು. ಚೆಸ್ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ರೇಟಿಂಗ್ ಅಂದರೆ ಆಟಗಾರನ ತೂಕ. ಗೆದ್ದರೆ ಎದುರಿನವರ ಪಾಯಿಂಟ್ ಬಂದು ಏರುತ್ತದೆ, ಸೋತರೆ ಇಳಿಯುತ್ತದೆ, ತನಗಿಂತ ಕಡಿಮೆಯವರ ಕೈಲಿ ಸೋತರೆ ಇನ್ನೂ ಜೋರಾಗಿ ಇಳಿಯುತ್ತದೆ. ಮುನ್ನೂರರ ಅಂತರ ಇದ್ದರೆ ಆಟದ ಮೊದಲೇ ಮಂದಿ ಫಲಿತಾಂಶ ಬರೆದುಬಿಡುತ್ತಾರೆ.

ನಾನು ಚೆಸ್ ಕಲಿತದ್ದು ತವರಿನಲ್ಲಿ, ಔರಾದಿನಲ್ಲಿ. ಅಪ್ಪನದು ಬೀಜ ಗೊಬ್ಬರದ ಅಂಗಡಿ. ನಮ್ಮೂರಿಗೆ ರೈಲಿಲ್ಲ, ಬಸ್ಸೇ ಗತಿ. ಬಸ್ಸು ತಪ್ಪಿದವರು, ಇನ್ನೊಂದಕ್ಕೆ ಕಾಯುವವರು, ಮಹಾರಾಷ್ಟ್ರದ ಗಡಿಗೆ ಹತ್ತಿದ ಡಾಬಕಾ ಕಡೆಯ ರೈತರು ನಮ್ಮ ಅಂಗಡಿಯಲ್ಲಿ ಕೂತು ಗೊಬ್ಬರದ ಚೀಲದ ಮೇಲೆ ಹಲಗೆ ಇಟ್ಟು ಆಡುತ್ತಿದ್ದರು. ಕನ್ನಡದಲ್ಲಿ ಶುರುವಾದ ಆಟ ಮರಾಠಿ ಬೈಗುಳದಲ್ಲಿ ಮುಗಿಯುತ್ತಿತ್ತು. ನಾನು ಅಲ್ಲಿಯೇ ನೋಡಿ ಕಲಿತೆ. ನಮ್ಮ ಕಡೆ ಆ ಆಟದಲ್ಲಿ ರಾಣಿ ಇಲ್ಲ. ಬೇರೆ ಊರುಗಳಲ್ಲಿ ರಾಣಿ ಎನ್ನುವ ಕಾಯಿಗೆ ನಮ್ಮಲ್ಲಿ ವಜೀರ ಎನ್ನುತ್ತಾರೆ. ಅಷ್ಟು ದೊಡ್ಡ ಹಲಗೆಯ ಮೇಲೆ ಒಬ್ಬಳೇ ಒಬ್ಬ ಹೆಣ್ಣುಮಗಳು ಓಡಾಡುವುದನ್ನು ನಮ್ಮ ಹಿರಿಯರಿಗೆ ನೋಡಲಾಗಲಿಲ್ಲವೇನೋ. ಅಪ್ಪ ಮಾತ್ರ ನಾನು ಯಾರನ್ನಾದರೂ ಸೋಲಿಸಿದರೆ ಅವರಿಗೆ ತಾವೇ ಚಹಾ ತರಿಸಿ ಸಮಾಧಾನ ಮಾಡುತ್ತಿದ್ದರು.

ಮದುವೆಯಾದ ಮೇಲೆ ಚೆಸ್ ಆಡಿದ್ದು ಮೊಬೈಲಿನಲ್ಲಿ, ಕುಕ್ಕರಿನ ಸೀಟಿಗಳ ನಡುವೆ. ಹೊರಗೆ ಪಡಸಾಲೆಯಲ್ಲಿ ಮಾವನವರು ಗೆಳೆಯರ ಜೊತೆ ನಿಜವಾದ ಹಲಗೆಯ ಮೇಲೆ ಆಡುತ್ತಿದ್ದರು. ನಾನು ಚಹಾ ಇಡಲು ಹೋದಾಗ ಒಂದು ಕ್ಷಣ ಹಲಗೆ ನೋಡುತ್ತಿದ್ದೆ. ಅಡುಗೆಮನೆಗೆ ಬಂದು ಯಾರು ಗೆಲ್ಲುತ್ತಾರೆಂದು ಅತ್ತೆಗೆ ಹೇಳುತ್ತಿದ್ದೆ. ಅತ್ತೆಗೆ ಕುದುರೆ ಯಾವುದು ಆನೆ ಯಾವುದು ಗೊತ್ತಿರಲಿಲ್ಲ, ಆದರೂ ಬಹಳ ಆಸ್ಥೆಯಿಂದ ಕೇಳುತ್ತಿದ್ದರು. ಗಂಡನನ್ನು ಯಾರಾದರೂ ಸೋಲಿಸುತ್ತಿದ್ದಾರೆ ಅಂದರೆ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು.

ನಾನು ಟೂರ್ನಮೆಂಟಿಗೆ ಕಾಲಿಟ್ಟದ್ದು ಆಟಗಾರ್ತಿಯಾಗಿ ಅಲ್ಲ, ಊಟದ ಡಬ್ಬಿಯಾಗಿ. ಮಾವನವರಿಗೆ ಶುಗರ್ ಬಂತು. ಆಟಕ್ಕೆ ಕೂತರೆ ಊಟ ಮರೆಯುತ್ತಾರೆ, ಹೊತ್ತಿಗೆ ಸರಿಯಾಗಿ ತಿನ್ನಿಸಲು ಯಾರಾದರೂ ಜೊತೆಗೆ ಹೋಗಬೇಕು. ಗಂಡ ಬೀದರದ ಹತ್ತಿರದ ಕೊಳಾರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್, ಅವರಿಗೆ ಭಾನುವಾರ ಅನ್ನುವುದೇ ಇಲ್ಲ. ಅತ್ತೆಗೆ ಮೊಣಕಾಲು. ಹೀಗಾಗಿ ರೊಟ್ಟಿ ಪುಂಡಿಪಲ್ಯದ ಡಬ್ಬಿ ಹಿಡಿದು ನಾನು ಹೊರಟೆ. ಬಸ್ಸಿನಲ್ಲಿ ಅವರು ಮುಂದೆ, ನಾನು ಹಿಂದೆ. ಅಲ್ಲಿ ಹೋದರೆ ಮಹಿಳಾ ಬಹುಮಾನಕ್ಕೆ ಮಹಿಳೆಯರೇ ಇಲ್ಲ ಅಂತ ಸಂಘಟಕರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಡಬ್ಬಿ ಹಿಡಿದು ನಿಂತ ನನ್ನನ್ನು ನೋಡಿ, "ಮೇಡಂ, ನಿಮಗೆ ಆಡ್ಲಿಕ್ಕಿ ಬರ್ತದೇನ್ರಿ?" ಅಂತ ಕೇಳಿದರು. ನಾನು ಬರುತ್ತದೆ ಅಂದೆ. ಮಾವನವರು ಗೋಡೆ ನೋಡಿದರು. ಗೋಡೆ ಬೇಡ ಅನ್ನಲಿಲ್ಲ.

ಆಮೇಲೆ ಬೀದರಕ್ಕೆ ಹೋದಾಗಲೆಲ್ಲ ಡಬ್ಬಿಯೂ ಆಡಿತು. ಒಂದಷ್ಟು ಸೋತಿತು, ಒಂದಷ್ಟು ಗೆದ್ದಿತು, ಅದಕ್ಕೂ ಒಂದು ರೇಟಿಂಗ್ ಬಂತು. ಅದು ಸಣ್ಣಗೆ ಏರುತ್ತಲೂ ಇತ್ತು. ವಾರವೆಲ್ಲ ಕಾಲೇಜು, ಅಡುಗೆ, ಪಾತ್ರೆ, ಮತ್ತೆ ಕಾಲೇಜು. ಆ ಒಂದು ದಿನ ಮಾತ್ರ ನನ್ನ ಎದುರು ಕೂತವರು ನನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ಗಂಟೆಗಟ್ಟಲೆ ಯೋಚಿಸುತ್ತಿದ್ದರು. ಅಷ್ಟು ಗಮನ ಕೊಟ್ಟು ನನ್ನನ್ನು ಮದುವೆಗೆ ನೋಡಲು ಬಂದಾಗಲೂ ಯಾರೂ ನೋಡಿರಲಿಲ್ಲ. ನನಗೆ ಆ ದಿನ ಬೇಕಾಗಿತ್ತು, ಬಹಳ ಬೇಕಾಗಿತ್ತು.

ಇಂಥ ಸುಖವನ್ನು ಬಂಧುಬಳಗ ಎಷ್ಟು ದಿನ ಸಹಿಸೀತು? ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಒಬ್ಬ ಹಿರಿಯರು ಮಾವನವರನ್ನು ಕೇಳಿದರಂತೆ, "ನಿಮ್ಮ ಸೊಸಿ ಪರಗಂಡಸರ ಎದುರ ತಾಸಗಟ್ಟಲೆ ಕುಂತು ಆಡ್ತಾಳಂತಲ್ರಿ ಮಾಸ್ತರ?" ಮಾವನವರು ಮನೆಗೆ ಬಂದು ಪೇಟ ತೆಗೆದಿಟ್ಟು ಅತ್ತೆಗೆ ಹೇಳಿದರು, "ಬೀದರದ್ದು ಈ ಸಲದ್ದೊಂದು ಆಡಲಿ. ಹೆಸರು ಕೊಟ್ಟಾಗ್ಯದ. ಆಮ್ಯಾಲ ಸಾಕು ಅನ್ನು." ಅತ್ತೆ ನನಗೆ ಹೇಳಲು ಬಾಯಿ ತೆರೆದರು. "ಕೇಳ್ಸ್ಯದ್ರಿ" ಅಂದೆ. ಎಷ್ಟೋ ವರ್ಷಗಳಲ್ಲಿ ನಾನು ಮಾಡಿದ ಮೊದಲ ಉದ್ಧಟತನ ಅದು. ಪಂಕ್ತಿಯ ಹಿರಿಯರ ಮಾತು ನೆಪ, ನನ್ನ ರೇಟಿಂಗ್ ಏರುತ್ತಿರುವುದೇ ಇದಕ್ಕೆ ಮೂಲ ಅಂತ ನನ್ನ ಗುಮಾನಿ. ಗಂಡನಿಗೆ ಹೇಳಿದರೆ, "ಅಪ್ಪಾರ ಸ್ವಭಾವ ನಿನಗ ಗೊತ್ತದಲ್ಲ" ಅಂದರು. ಸ್ವಭಾವ ಗೊತ್ತಿದ್ದರೆ ಸಾಕು, ಬದಲಾಯಿಸುವ ಹಂಗಿಲ್ಲ ಎನ್ನುವುದು ಅವರ ಸಿದ್ಧಾಂತ.

ಆ ಕೊನೆಯ ಟೂರ್ನಮೆಂಟು ಬೀದರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಹಿಂದಿನ ದಿನ ಅಲ್ಲಿ ಮದುವೆಯಾಗಿತ್ತು. ಮಲ್ಲಿಗೆ ಬಾಡಿದ ವಾಸನೆ ಇನ್ನೂ ಇತ್ತು, ವೇದಿಕೆಯ ಮೇಲೆ ಥರ್ಮೋಕೋಲಿನ ಶುಭವಿವಾಹ ಹಾಗೇ ನೇತಾಡುತ್ತಿತ್ತು. ಮುಂದಿದ್ದವರ ಟೇಬಲ್ಲುಗಳನ್ನು ವೇದಿಕೆಯ ಮೇಲೆ ಹಾಕಿದ್ದರು. ಕೊನೆಯ ಸುತ್ತಿಗೆ ಯಾರಿಗೆ ಯಾರು ಎಂಬ ಪಟ್ಟಿ ಗೋಡೆಗೆ ಹಚ್ಚಿದರು. ನಾನು ಗುಂಪಿನಲ್ಲಿ ನುಗ್ಗಿ ನೋಡಿದೆ. ನನ್ನ ಹೆಸರಿನ ಎದುರು ಮಾವನವರ ಹೆಸರು.

ಒಂದೇ ಅಂಕ ಗಳಿಸಿದವರನ್ನು ಕಂಪ್ಯೂಟರ್ ಜೋಡಿ ಮಾಡುತ್ತದೆ. ಅದಕ್ಕೆ ಮಾವ ಗೊತ್ತಿಲ್ಲ, ಸೊಸೆ ಗೊತ್ತಿಲ್ಲ, ಭಾಲ್ಕಿಯ ನಮ್ಮ ಹಂಡೆಯೂ ಗೊತ್ತಿಲ್ಲ. ಮಾವನವರು ಪಟ್ಟಿಯನ್ನು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಪಟ್ಟಿಯ ಪಕ್ಕದ ಖಾಲಿ ಗೋಡೆಗೆ, "ಇದೇನು ಬರೋಬರ್ ಕಾಣಂಗಿಲ್ಲ" ಅಂದರು. ಈ ಸಲ ಗೋಡೆಗೂ ಏನು ಮಾಡಬೇಕೆಂದು ತೋಚಲಿಲ್ಲ.

ಸುತ್ತು ಶುರುವಾಗುವ ಮೊದಲು ಗಂಡನಿಗೆ ಫೋನ್ ಮಾಡಿದೆ. ಯಂತ್ರದ ಗದ್ದಲದ ನಡುವೆ ಕೂಗಿದರು, "ಡ್ರಾ ಮಾಡ್ಕೊಂಡ್ ಬಿಡ್ರಿ ಇಬ್ಬರೂ. ಮನಿ ಇಜ್ಜತ್ ಮನ್ಯಾಗ ಇರ್ತದ." ನಾನು ಕೇಳಿದೆ, "ಹ್ಯಾಂಗ ಮಾಡ್ಕೋಬೇಕ್ರಿ? ಮಾತಾಡ್ಬೇಕಲ್ಲ." ಅವರನ್ನು ಆಗಲೇ ಯಾರೋ ಕರೆದರು. ಅತ್ತೆಗೆ ಮಾಡಿದೆ. ಅತ್ತೆ ಮೊದಲು ಮಾವನವರ ಬಿಪಿ ಬಗ್ಗೆ ಹೇಳಿದರು, ಜರಾ ನೋಡಿ ಆಡು ಯವ್ವಾ ಅಂದರು. ಆಮೇಲೆ ಬೇರೆಯೇ ದನಿಯಲ್ಲಿ ಅಂದರು, "ನನಗೂ ಸಾಕಾಗ್ಯದ ನೋಡು, ನಿಮ್ಮಿಬ್ಬರ ನಡುವ ಟಪಾಲು ಹಾಕಿ ಹಾಕಿ. ಈವತ್ತ ನೀವೇ ನಿಮ್ಮ ನಿಮ್ಮದು ನೋಡ್ಕೋರಿ."

ನಾನು ಸೋತರೆ ಎಲ್ಲ ಸುಸೂತ್ರ. ಆಟ ಮುಗಿಯಿತು, ಮನೆ ಸೇರಿದೆ, ಪಂಕ್ತಿಯ ಹಿರಿಯರು ಸುಖವಾಗಿ ಉಂಡರು. ಡ್ರಾ ಆದರೂ ಅಷ್ಟೆ, ಒಂದು ಒಳ್ಳೆಯ ಫೋಟೋ ಹೆಚ್ಚಿಗೆ. ಗೆದ್ದರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಅದು ಆಗುವ ಸಂಗತಿ ಅಂತ ಯಾರಿಗೂ ಅನ್ನಿಸಿರಲಿಲ್ಲ. ಹೇಗೆ ಮುಗಿದರೂ ಇದು ನನ್ನ ಕೊನೆಯ ಆಟ. ಅಷ್ಟು ಮಾತ್ರ ನನಗೆ ಗೊತ್ತಿತ್ತು.

ವೇದಿಕೆ ಹತ್ತಿದೆವು. ಎರಡು ಪ್ಲಾಸ್ಟಿಕ್ ಕುರ್ಚಿ, ಎರಡೂ ಒಂದೇ ಎತ್ತರ. ಮಾವನವರು ಕೂತರು. ನಾನು ನಿಂತೇ ಇದ್ದೆ. ತೀರ್ಪುಗಾರರು ಒಬ್ಬ ದೈಹಿಕ ಶಿಕ್ಷಕರು, ಕೊರಳಲ್ಲಿ ಸೀಟಿ ಹಾಕಿಕೊಂಡೇ ಬಂದಿದ್ದರು. "ಕೂಡ್ರಿ ಮೇಡಂ, ನಿಂತು ಆಡೂದು ಕಬಡ್ಡಿ" ಅಂದರು. ಕೂತೆ. ಆಟಕ್ಕೆ ಮೊದಲು ಇಬ್ಬರೂ ಕೈ ಕುಲುಕಬೇಕು. ಮಾವ ಸೊಸೆ ಕೈ ಕುಲುಕುವುದು! ಮಾವನವರ ಕೈ ಟೇಬಲ್ಲಿನ ಅಂಚಿನವರೆಗೆ ಬಂದು ಕಾಯಿ ಸರಿಮಾಡುವ ನೆಪದಲ್ಲಿ ನಿಂತಿತು. ನಾನು ಸೆರಗು ತಲೆಗೆ ಎಳೆದುಕೊಂಡು, ಎದ್ದು ಸುತ್ತು ಬಳಸಿ ಹೋಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದು ಕೂತೆ. ತೀರ್ಪುಗಾರರು ಈ ವಿಧಿ ಯಾವ ನಿಯಮದಲ್ಲಿದೆ ಎಂದು ಯೋಚಿಸುತ್ತ, ಇಬ್ಬರ ಸಮಯ ಅಳೆಯುವ ಗಡಿಯಾರ ಒತ್ತಿದರು.

ಮಾವನವರದು ಬಿಳಿ. ಅವರ ಆಟದ ರೀತಿ ನನಗೆ ಚಹಾದ ತಟ್ಟೆಯ ಮೇಲಿನಿಂದ ನೋಡಿ ಗೊತ್ತಿತ್ತು. ಆತುರವಿಲ್ಲ, ಗದ್ದಲವಿಲ್ಲ. ಒಂದೊಂದೇ ಕಾಯಿ ಬದಲಿ ಮಾಡಿಕೊಳ್ಳುತ್ತ ಹಲಗೆ ಖಾಲಿ ಮಾಡುತ್ತಾರೆ, ಉಳಿದ ನಾಲ್ಕು ಕಾಯಿಗಳಲ್ಲಿ ಎದುರಿನವರನ್ನು ನಿಧಾನವಾಗಿ ಅರೆಯುತ್ತಾರೆ. ಒಂದೇ ಒಂದು ದೌರ್ಬಲ್ಯ, ಪುಕ್ಕಟೆ ಪ್ಯಾದೆ, ಅಂದರೆ ಕಾಲಾಳು, ಕಂಡರೆ ಬಿಡುವವರಲ್ಲ. ಅದು ಅವರ ಜಿಪುಣತನ ಅಂತ ಗೆಳೆಯರು ನಗುತ್ತಿದ್ದರು. ಅವರು ಅದನ್ನು ಸಿದ್ಧಾಂತ ಎನ್ನುತ್ತಿದ್ದರು.

ಮೊದಲ ಒಂದು ತಾಸು ನಾನು ಆಡಿದ್ದು ಸೊಸೆಯ ಆಟ. ಅವರು ಕಾಯಿ ಮುಂದಿಟ್ಟರೆ ನನ್ನದು ಹಿಂದಕ್ಕೆ. ವಜೀರ ಕೊಟ್ಟು ವಜೀರ ತಗೊಂಡರು, ಸರಿ ಅಂದೆ. ನನ್ನ ಕಾಯಿಗಳೆಲ್ಲ ಅಡುಗೆಮನೆಯ ಬಾಗಿಲ ಹಿಂದೆ ನಿಂತ ಹಾಗೆ ಮೂಲೆಯಲ್ಲಿ ಗುಂಪಾಗಿದ್ದವು. ಮಾವನವರು ಎದ್ದು ಕೈ ಹಿಂದೆ ಕಟ್ಟಿ ಬೇರೆಯವರ ಟೇಬಲ್ ನೋಡಿ ಬರಲು ಶುರು ಮಾಡಿದರು. ಗೆದ್ದೆ ಅಂತ ಖಾತ್ರಿಯಾದಾಗ ಅವರು ಹಾಗೆ ಮಾಡುತ್ತಾರೆ. ಕೆಳಗೆ ನಿಂತ ಗೆಳೆಯರೊಬ್ಬರು ಕಣ್ಣಲ್ಲೇ ಕೇಳಿದರು, ಹ್ಯಾಂಗದ? ಮಾವನವರು ಕೈ ಬೀಸಿದರು. ಮುಗಿಯಿತು ಅಂತ ಅದರ ಅರ್ಥ, ಮನೆಯಲ್ಲಿ ನಾನು ಬಡಿಸಲು ಬಂದಾಗ ಅನ್ನ ಸಾಕು ಅನ್ನಲು ಬೀಸುವ ಅದೇ ಕೈ.

ಆ ಕೈ ನೋಡಿ ನನಗೆ ಸಿಟ್ಟು ಬಂತು. ಮುಚ್ಚುಮರೆ ಏಕೆ, ಒಳ್ಳೆಯ ಸಿಟ್ಟೇ ಬಂತು. ಇದು ನನ್ನ ಕೊನೆಯ ಆಟ, ಇದನ್ನು ಹೀಗೆ ಬಾಗಿಲ ಹಿಂದೆ ನಿಂತು ಮುಗಿಸುವುದೇ? ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಹಲಗೆಯ ಎಡ ಮೂಲೆಯಲ್ಲಿ ನನ್ನದೊಂದು ಪ್ಯಾದೆ ಒಂಟಿಯಾಗಿ ನಿಂತಿತ್ತು. ಅದನ್ನು ಕಾಯುತ್ತಿದ್ದ ಒಂಟೆಯನ್ನು ನಾನು ಆಚೆ ಸರಿಸಿದೆ. ಪ್ಯಾದೆ ಪುಕ್ಕಟೆಯಾಯಿತು.

ಮಾವನವರು ಬಂದು ಕೂತರು, ನೋಡಿದರು, ತಮ್ಮ ಕುದುರೆಯಿಂದ ಅದನ್ನು ತಿಂದರು. ಟೇಬಲ್ಲಿಗೆ ಅಂದರು, "ಎಲ್ಲಿ ಲಕ್ಷ್ಯ ಇರ್ತದೋ ಏನೋ." ಟೇಬಲ್ಲಿಗೆ ಬೇಜಾರಾದ ಹಾಗೆ ಕಾಣಲಿಲ್ಲ. ನಾನು ರಾಜನನ್ನು ಒಂದು ಮನೆ ಸರಿಸಿದೆ. ಕುದುರೆ ಮೂಲೆಯಿಂದ ವಾಪಸ್ ಬರಬಹುದಾದ ಮನೆಗಳಲ್ಲಿ ಕೆಲವನ್ನು ನನ್ನ ಇನ್ನೊಂದು ಒಂಟೆ ಕಾಯುತ್ತಿತ್ತು, ಉಳಿದದ್ದನ್ನು ಈಗ ರಾಜ ಕಾಯುತ್ತಿದ್ದ. ಎಲ್ಲಿಗೆ ಬಂದರೂ ಕುದುರೆ ಸಾಯುತ್ತದೆ, ಅಲ್ಲೇ ಇದ್ದರೆ ನನ್ನ ಆನೆ ಹೋಗಿ ಹಿಡಿಯುತ್ತದೆ. ತಿಂದವರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದದ್ದು ನನಗೆ ಅವರ ಕಿವಿಯಿಂದ ತಿಳಿಯಿತು. ಕೆಂಪಗಾಗಿತ್ತು.

ಅವರು ಬಹಳ ಹೊತ್ತು ಯೋಚಿಸಿದರು. ಬೇರೆ ಎಲ್ಲೋ ಒಂದು ಪ್ಯಾದೆ ನಡೆಸಿದರು. ಆಮೇಲೆ ತಲೆ ಎತ್ತಿ ಮೇಲೆ ತಿರುಗುತ್ತಿದ್ದ ಫ್ಯಾನಿಗೆ ಹೇಳಿದರು, "ಡ್ರಾ ಆದ್ರ ಯಾರಿಗೂ ತ್ರಾಸಿಲ್ಲ." ಹೇಳಿ ಗಡಿಯಾರ ಒತ್ತಿದರು.

ಪಕ್ಕದ ಟೇಬಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಯೂ ತಲೆ ಎತ್ತಿ ಫ್ಯಾನ್ ನೋಡಿದ. ನಾನೂ ನೋಡಿದೆ. ಫ್ಯಾನ್ ತನ್ನ ಪಾಡಿಗೆ ತಿರುಗುತ್ತಿತ್ತು.

ಈಗ ನನ್ನ ಸ್ಥಿತಿ ಹೇಳುತ್ತೇನೆ. ಅವರು ನನ್ನ ಮುಖ ನೋಡಿ ಡ್ರಾ ಕೇಳಿದ್ದರೆ ನಾನು ಕೊಟ್ಟುಬಿಡುತ್ತಿದ್ದೆ. ಕುದುರೆ ಸಿಕ್ಕಿಬಿದ್ದಿದೆ, ಗೆಲುವು ಕೈಯಲ್ಲಿದೆ ಎಂದು ಗೊತ್ತಿದ್ದೂ ಕೊಡುತ್ತಿದ್ದೆ. ಅಷ್ಟು ವರ್ಷ ಆಡದ ಮಾತನ್ನು ಒಬ್ಬ ಹಿರಿಯ ಮನುಷ್ಯ ಬಾಯಿ ಬಿಟ್ಟು ಕೇಳಿದರೆ ಇಲ್ಲ ಅನ್ನುವ ಶಕ್ತಿ ನನಗಿರಲಿಲ್ಲ. ಆಟ ಡ್ರಾ, ಮರುದಿನದಿಂದ ಚೆಸ್ ಬಂದ್, ನಾನು ಅದೇ ಒಂದು ಮಾತನ್ನು ನೆನೆಸಿಕೊಂಡು ಖುಷಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅಷ್ಟು ಅಗ್ಗವಾಗಿ ಸಿಗುತ್ತಿದ್ದೆ ನಾನು. ಆದರೆ ಅವರು ಕೇಳಿದ್ದು ಫ್ಯಾನನ್ನು.

ಗಡಿಯಾರ ನಿಲ್ಲಿಸಿ ಕೈ ಎತ್ತಿದೆ. ತೀರ್ಪುಗಾರರು ಬಂದರು.

"ಸರ್, ನನಗ ಯಾರರೆ ಏನರೆ ಕೇಳ್ಯಾರೇನ್ರಿ?" ಅಂದೆ.

ಅವರಿಗೆ ತಿಳಿಯಲಿಲ್ಲ. ಪಕ್ಕದ ವಿದ್ಯಾರ್ಥಿ ಮೆಲ್ಲಗೆ, "ಸರ್ ಅವರು ಡ್ರಾ ಅಂದ್ರು, ಮ್ಯಾಲ ನೋಡಿ ಅಂದ್ರು" ಎಂದು ಸಾಕ್ಷಿ ಹೇಳಿದ. ತೀರ್ಪುಗಾರರು ಮಾವನವರ ಕಡೆ ಬಾಗಿದರು.

"ಸರ್, ಡ್ರಾ ಕೇಳಿದ್ರೇನ್ರಿ?"

"ಅಂದೀನಿ."

"ಯಾರಿಗಿ ಅಂದ್ರಿ?"

ಮಾವನವರು ತಿಂದ ಪ್ಯಾದೆಯನ್ನು ಟೇಬಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ಜೀವಮಾನವೆಲ್ಲ ಮಕ್ಕಳಿಗೆ ಪ್ರಶ್ನೆ ಕೇಳಿದವರು ಅವರು.

"ಎದುರಿನವರಿಗಿ ಕೇಳ್ಬೇಕ್ರಿ ಸರ್. ಮೇಡಂ ಇಲ್ಲೇ ಕುಂತಾರ. ಒಂದು ಮಾತು ಕೇಳ್ರಿ, ಅವರು ಹೂಂ ಅಂದ್ರ ಮುಗೀತು."

ಮಂಟಪದಲ್ಲಿ ಒಬ್ಬೊಬ್ಬರೇ ತಿರುಗಿ ನೋಡತೊಡಗಿದರು. ಶುಭವಿವಾಹದ ಕೆಳಗೆ ನಾವಿಬ್ಬರೂ ಕೂತಿದ್ದೆವು. ಮಾವನವರು ಬಾಯಿ ತೆರೆದರು. ನಾನು ಸತ್ಯವಾಗಿ ಹೇಳುತ್ತೇನೆ, ಆಗಲೂ ನಾನು ಕೊಡಲು ತಯಾರಿದ್ದೆ. ಕೇಳ್ರಿ, ಕೇಳಿಬಿಡ್ರಿ ಅಂತ ಒಳಗೇ ಬೇಡಿಕೊಂಡೆ. ಅವರ ಕಣ್ಣು ಫ್ಯಾನಿನಿಂದ ಇಳಿಯಿತು, ಗಡಿಯಾರಕ್ಕೆ ಬಂತು, ಗಡಿಯಾರದಿಂದ ನನ್ನ ಬಳೆಗೆ ಬಂತು. ಅಲ್ಲಿಂದ ಮೇಲೆ ಬರಲಾಗಲಿಲ್ಲ.

"ಇರ್ಲಿ ಬಿಡ್ರಿ. ಆಟ ನಡೀಲಿ," ಎಂದು ಅವರು ತೀರ್ಪುಗಾರರಿಗೆ ಹೇಳಿದರು.

ನನಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು. ಜಿಲ್ಲೆಯ ದೊಡ್ಡ ಆಟಗಾರ ಡ್ರಾದಿಂದ ಸಿಗುತ್ತಿದ್ದ ಅರ್ಧ ಅಂಕವನ್ನು ಬಿಟ್ಟುಕೊಟ್ಟರು, ಸೊಸೆಗೆ ಒಂದು ಮಾತು ಬಿಟ್ಟುಕೊಡಲಿಲ್ಲ. ಆಮೇಲೆ ನಾನು ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳಲಿಲ್ಲ. ಆನೆಯನ್ನು ತಂದು ಕುದುರೆ ಹಿಡಿದೆ. ಅವರು ಚೆನ್ನಾಗಿಯೇ ಹೋರಾಡಿದರು, ಒಮ್ಮೆ ನನ್ನನ್ನು ಹೆದರಿಸಿದರೂ ಕೂಡ. ಆದರೆ ಒಂದು ಕಾಯಿ ಕಡಿಮೆ ಇದ್ದವರು ಎಷ್ಟು ದೂರ ಓಡಿಯಾರು? ನನ್ನ ಪ್ಯಾದೆಯೊಂದು ಒಂದೊಂದೇ ಮನೆ ದಾಟಿ ಅವರ ಅಂಚಿಗೆ ಹೋಯಿತು. ಅದು ವಜೀರ ಆಗಲು ಒಂದೇ ಹೆಜ್ಜೆ ಇದ್ದಾಗ ಮಾವನವರು ಗಡಿಯಾರ ನಿಲ್ಲಿಸಿದರು. ಹಲಗೆಗೆ "ಆಯ್ತು" ಅಂದರು. ಆಟದ ಚೀಟಿಗೆ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿ ಎದ್ದು ಹೋದರು.

ಕೆಳಗಿನ ಗೆಳೆಯರಿಗೆ ನನ್ನನ್ನು ಅಭಿನಂದಿಸಬೇಕೋ ಅವರಿಗೆ ಸಂತಾಪ ಹೇಳಬೇಕೋ ತಿಳಿಯಲಿಲ್ಲ. ಒಬ್ಬರು ಎರಡನ್ನೂ ಸೇರಿಸಿ, "ಪಾಯಿಂಟ್ ಮನ್ಯಾಗೇ ಉಳೀತಲ್ರಿ ಮಾಸ್ತರ" ಅಂದರು. ಇನ್ನೊಬ್ಬರು ಸೊಸೆ ಎಂದರೆ ಮಗಳಿದ್ದ ಹಾಗೆ ಎಂದು ಸಣ್ಣ ಭಾಷಣವನ್ನೇ ಶುರು ಮಾಡಿದರು. ಮಾವನವರು ಅವರನ್ನು ನೋಡಿದ ನೋಟಕ್ಕೆ ಭಾಷಣ ಅರ್ಧಕ್ಕೇ ನಿಂತಿತು.

ಭಾಲ್ಕಿಯ ಬಸ್ಸಿನಲ್ಲಿ ಅವರು ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಅವರು ಪಕ್ಕದವರ ಜೊತೆ ಒಂದು ಮಾತು ಆಡಲಿಲ್ಲ. ಪಕ್ಕದವರು ಪಾಪ ತಾವೇ ಎರಡು ಸಲ ಸೋಯಾಬೀನ್ ದರ ಎತ್ತಿ ನೋಡಿದರು. ಮಾವನವರ ಬೆರಳು ಮೊಣಕಾಲಿನ ಮೇಲೆ ಸಣ್ಣಗೆ ಓಡಾಡುತ್ತಿತ್ತು. ಕುದುರೆಯನ್ನು ಮೂಲೆಗೆ ಕಳಿಸದೆ ಬೇರೆ ಕಡೆ ಕಳಿಸಿ ನೋಡುತ್ತಿದ್ದಾರೆ ಎಂದು ನನಗೆ ಹಿಂದಿನ ಸೀಟಿನಿಂದಲೇ ಗೊತ್ತಾಯಿತು. ಗೆದ್ದ ಖುಷಿ ನನ್ನಲ್ಲಿ ಅರ್ಧ ದಾರಿಯ ಹಲ್ಬರ್ಗಾ ಬರುವ ತನಕ ಇತ್ತು. ಆಮೇಲೆ ಇನ್ನು ಮುಂದೆ ಭಾನುವಾರಗಳಲ್ಲಿ ಏನು ಮಾಡುವುದು ಎಂಬ ಯೋಚನೆ ಬಂದು ಕೂತಿತು. ಕಪಾಟು ಜೋಡಿಸಬಹುದು, ಹಪ್ಪಳ ಒತ್ತಬಹುದು, ಶರಣರ ಸಮಾನತೆಯ ಭಾಷಣಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂರಬಹುದು. ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಬಸ್ಸು ಹತ್ತುವ ಮೊದಲು ನಾನು ಗಂಡನಿಗೆ ತಿಳಿಸಿದ್ದೆ, ಅವರು ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿಯಾಗಿತ್ತು. ಅತ್ತೆ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು. ಮಾವನವರು ಮುಖ ತೊಳೆದು ಊಟಕ್ಕೆ ಕೂತರು. ನಾನು ಬಡಿಸಿದೆ. ಕಡೆಗೆ ಅತ್ತೆ, ಸುಮ್ಮನಿರಲಾರದೆ, ನನ್ನನ್ನು ಕೇಳಿದರು, "ಮುಗೀತಲ್ಲ ಯವ್ವಾ ಇನ್ನ? ಆ ಚೆಸ್ಸಿನ ಗಡಿಯಾರ, ಚೀಲ ಎಲ್ಲಾ ಅಟ್ಟದ ಮ್ಯಾಲ ಇಡ್ಲೇನು?"

"ಇಡ್ರಿ ಅತ್ತಿ," ಅಂದೆ, ಮಾವನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ಕಡೀ ಆಟ ಗೆದ್ದೀನಿ. ಅಷ್ಟ ಸಾಕು ನನಗ."

ಮಾವನವರ ತುತ್ತು ಅರ್ಧಕ್ಕೆ ನಿಂತಿತು. ಅವರು ತಲೆ ಎತ್ತಿದರು. ಗೋಡೆ ನೋಡಲಿಲ್ಲ, ಹಂಡೆ ನೋಡಲಿಲ್ಲ. ನನ್ನ ಮುಖ ನೋಡಿದರು.

"ಸಾಕಂದ್ರ ಹ್ಯಾಂಗ?" ಅಂದರು. ದನಿಯಲ್ಲಿ ಸಿಟ್ಟಿತ್ತು, ಕ್ಲಾಸಿನಲ್ಲಿ ಹೋಮ್‌ವರ್ಕ್ ಮಾಡದವರನ್ನು ಎಬ್ಬಿಸಿ ಕೇಳುವಂಥ ಸಿಟ್ಟು. "ನನ್ನ ಅಷ್ಟೂ ಪಾಯಿಂಟ್ ಹೊಡಕೊಂಡು ಬಂದು ನೀ ಮನ್ಯಾಗ ಕುಂತ್ರ, ನಾ ಅವನ್ನ ಯಾರ ಕಡಿಂದ ವಾಪಸ್ ತಗೊಳ್ಳಲಿ?"

ಅತ್ತೆ ಅಭ್ಯಾಸದಂತೆ ನನ್ನ ಕಡೆ ತಿರುಗಿ, "ಅವರು ಏನಂತಾರ ಅಂದ್ರ" ಎಂದು ಶುರು ಮಾಡಿ, ಟಪಾಲು ಆಗಲೇ ಮುಟ್ಟಿದೆ ಎಂದು ಅರಿವಾಗಿ ಸುಮ್ಮನಾದರು. ಸೌಟು ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ನಿಂತರು.

"ಮುಂದಿಂದು ಔರಾದದಾಗ ಅದ," ಮಾವನವರು ಇನ್ನೂ ನನ್ನನ್ನೇ ನೋಡುತ್ತಿದ್ದರು. "ಇಬ್ಬರ ಹೆಸರೂ ಕೊಡು. ಮಂದಿ ಏನರೆ ಅಂದ್ರ ನಾ ನೋಡ್ಕೋತೇನಿ. ನನ್ನ ಪಾಯಿಂಟ್ ನನಗ ಬೇಕು."

ಅಷ್ಟು ವರ್ಷ ನಾನು ಮನಸ್ಸಿನಲ್ಲೇ ಕಟ್ಟಿಟ್ಟಿದ್ದ ಉತ್ತರಗಳು ಒಂದು ಚೀಲ ತುಂಬ ಇದ್ದವು. ಒಂದೂ ನೆನಪಿಗೆ ಬರಲಿಲ್ಲ. ಅನ್ನದ ಪಾತ್ರೆ ಕೆಳಗಿಟ್ಟೆ. ಅವರ ಕಣ್ಣನ್ನೇ ನೋಡಿ ಹೇಳಿದೆ.

"ಹೆಸರು ಕೊಡ್ತೇನ್ರಿ ಮಾವ. ಪಾಯಿಂಟ್ ಮಾತ್ರ ಕೊಡಂಗಿಲ್ಲ."